ಹೆಸರು ಹೇಳಿದರೆ ನೀರು

ಜೂನ್ ೩, ಬೆಳಿಗ್ಗೆ

ಇವತ್ತಿನ ಅಭ್ಯಾಸ ಮುಗಿಯಿತು. ಬೀಗ, ಕತ್ತರಿ, ಬಾಚಣಿಗೆ, ಲೋಟ. ಎಲ್ಲ ಚಿತ್ರಕ್ಕೂ ಒಂದೇ ಉತ್ತರ: "ಮಾರ್ಜಿನ್ ಬಿಡು."

ಕೇಸ್ ಬರೆದು ಬರೆದು ಕೈಗೆ ಅದೇ ಧಾಟಿ ಅಂಟಿದೆ; ಇಲ್ಲೂ ಹಾಗೇ ಬರೆಯುತ್ತೇನೆ. ರೋಗಿ: ಅಮ್ಮ. ಐವತ್ತೊಂದು ವರ್ಷ. ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ತರಗತಿ ನಡೆಸುತ್ತಿದ್ದಳು. ಮಾರ್ಚ್‌ನಲ್ಲಿ ಸ್ಟ್ರೋಕ್. ಆ ಹೊತ್ತಿಗೆ ವಿದ್ಯಾರ್ಥಿನಿಯೊಬ್ಬಳ ಹೆಗಲ ಮೇಲಿಂದ ಬಾಗಿ 'ಮಾರ್ಜಿನ್ ಬಿಡು' ಎನ್ನುತ್ತಿದ್ದಳಂತೆ. ಕೈಕಾಲು ಬಹುಮಟ್ಟಿಗೆ ಉಳಿದವು, ಮಾತು ಹೋಯಿತು. ಕೇಳಿದ್ದೆಲ್ಲ ಅರ್ಥವಾಗುತ್ತದೆ. ಹೇಳಬೇಕಾದದ್ದೂ ತಲೆಯಲ್ಲಿದೆ. ಪದ ಸಿಗುವುದಿಲ್ಲ, ಸಿಕ್ಕರೆ ಬೇರೆಯದು ಸಿಗುತ್ತದೆ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಆ ಕೊನೆಯ ಮಾತೊಂದೇ ನಾಲಿಗೆಗೆ ಗಂಟುಬಿದ್ದಿದೆ. ಹಸಿವಾದರೂ ಮಾರ್ಜಿನ್ ಬಿಡು, ಡಾಕ್ಟರು ಬಂದರೂ ಮಾರ್ಜಿನ್ ಬಿಡು.

ಚಿಕಿತ್ಸಕಿ: ನಾನು. ಸ್ಪೀಚ್ ಥೆರಪಿ, ಕೊನೆಯ ವರ್ಷ. ಇದುವರೆಗಿನ ಪ್ರತಿ ಪರೀಕ್ಷೆಯಲ್ಲೂ ತರಗತಿಗೆ ಮೊದಲನೆಯವಳು.

ನಮ್ಮ ಮೇಡಂ ಒಪ್ಪಲಿಲ್ಲ. ಸ್ವಂತ ಮನೆಯವರನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ, ಬೇರೆ ವಿದ್ಯಾರ್ಥಿಗೆ ವಹಿಸೋಣ ಎಂದರು. ಬೇರೆ ವಿದ್ಯಾರ್ಥಿ ಎಂದರೆ ಯಾರು? ನನಗಿಂತ ಕಡಿಮೆ ಬಲ್ಲವರು, ಅಷ್ಟೇ. ಹಾಗೆಂದು ಹೇಳಲಿಲ್ಲ. ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎಂದೆ.

ಆಯ್ದುಕೊಂಡ ವಿಧಾನ ಸರಳವಾದದ್ದು. ಬೇಕಾದ ವಸ್ತುವನ್ನು ಎದುರಿಗೆ ಇಡಬೇಕು. ಹೆಸರು ಹೇಳುವವರೆಗೆ ಕೊಡಬಾರದು. ಅಗತ್ಯವೇ ಪದವನ್ನು ಎಳೆದು ತರಬೇಕು. ಇವತ್ತು ನೀರಿನ ಲೋಟ ಇಟ್ಟಿದ್ದೆ. ಅಮ್ಮ ಕೈ ಚಾಚಿದಳು. ಹಿಂದಕ್ಕೆ ಎಳೆದುಕೊಂಡೆ. ಅಮ್ಮ ನನ್ನನ್ನೇ ನೋಡಿದಳು. ನಾನೂ ನೋಡಿದೆ.

ಅಪ್ಪ ಕೋಲ್ಡ್ ಸ್ಟೋರೇಜಿನ ರಾತ್ರಿ ಪಾಳಿ ಮುಗಿಸಿ ಒಳಗೆ ಬರುತ್ತಿದ್ದವರು ನಿಂತರು. ಅಡುಗೆಮನೆಗೆ ಹೋಗಿ ಇನ್ನೊಂದು ಲೋಟ ನೀರು ತಂದು ಅಮ್ಮನ ಕೈಗೆ ಕೊಟ್ಟೇಬಿಟ್ಟರು. ಇಡೀ ಬೆಳಗಿನ ಕೆಲಸ ನೀರಿನ ಪಾಲು. ಇನ್ನು ಮುಂದೆ ಅಭ್ಯಾಸದ ಸಮಯದಲ್ಲಿ ಆ ಕೋಣೆಗೆ ಬರಬೇಡಿ ಎಂದು ಹೇಳಿದ್ದೇನೆ. ತಲೆಯಾಡಿಸಿದರು. ಅಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಾರೆ.


ಜೂನ್ ೭

ಬಂತು. "ನೀರು."

ಸ್ಪಷ್ಟವಾಗಿ. ಎರಡೂ ಅಕ್ಷರ ನೆಟ್ಟಗೆ. ತುಂಬಾ ಹೊತ್ತು ಹಿಡಿಯಿತು. ಅಮ್ಮನ ತುಟಿ ಒಣಗಿತ್ತು, ಆದರೂ ಕೈ ಸಡಿಲಿಸಲಿಲ್ಲ. ಹೇಳಿದ ಕೂಡಲೇ ಲೋಟ ಕೊಟ್ಟೆ. 'ಸರಿ ಅಮ್ಮ, ತುಂಬಾ ಸರಿ' ಎಂದೆ. ಅಮ್ಮ ಗೋಡೆಯ ಕಡೆಗೆ ತಿರುಗಿ ಕುಡಿದಳು.

ಕಾಲೇಜಿನಲ್ಲಿ ಮೇಡಂಗೆ ವರದಿ ಒಪ್ಪಿಸಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ನೀರು ಕುಡಿದ ಮೇಲೆ ಅಮ್ಮ ಏನಂದರು ಎಂದು ಕೇಳಿದರು. ಏನೂ ಹೇಳಲಿಲ್ಲ ಎಂದೆ. "ಹೂಂ" ಎಂದರು, ಅಷ್ಟೇ. ಕೆಲವರಿಗೆ ಹೊಗಳುವಾಗ ಬಾಯಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ.

ನಾಳೆಯಿಂದ ಹೊಸ ಪದ.


ಜೂನ್ ೧೫

ಅಮ್ಮ ಈಗ ಏನನ್ನೂ ಕೇಳುವುದಿಲ್ಲ.

ಅಭ್ಯಾಸಕ್ಕೆ ಕೂರುವ ಮುಂಚೆಯೇ ಅಡುಗೆಮನೆಗೆ ಹೋಗಿ ಹೊಟ್ಟೆ ತುಂಬ ನೀರು ಕುಡಿದು ಬರುತ್ತಾಳೆ. ಬಾಚಣಿಗೆ ಇಟ್ಟರೆ, ತಲೆ ಆಗಲೇ ಬಾಚಿ ಮುಗಿದಿರುತ್ತದೆ. ಕನ್ನಡಕ ತೆಗೆದಿಟ್ಟೆ, ಮಂಜುಗಣ್ಣಿನಲ್ಲೇ ಕೂತಳು. ನನ್ನಿಂದ ಏನೂ ಬೇಕಾಗದ ಹಾಗೆ ಬದುಕುವುದನ್ನು ಕಲಿತಿದ್ದಾಳೆ. ಸೋತರೂ ಎಷ್ಟು ಅಚ್ಚುಕಟ್ಟು. ಸಿಟ್ಟು ಬರುತ್ತದೆ, ಸಿಟ್ಟಿನ ಕೆಳಗೆ ಒಂದು ಬಗೆಯ ಮೆಚ್ಚುಗೆಯೂ ಇದೆ.

ಒಂದು ಘಟನೆ. ಬಾಗಿಲ ಬಳಿ ಅಪ್ಪ ಬಿಟ್ಟಿದ್ದ ಬೂಟಿಗೆ ಅಮ್ಮ ಎಡವಿದಳು. "ಕತ್ತೆ!" ಎಂದಳು. ಹೊಡೆದ ಹಾಗೆ ಬಂತು. ಈ ಮನೆಯಲ್ಲಿ ಬೈದವರಿಗೆ ಒಂದು ಹೊತ್ತು ಮಾತು ಬಂದ್ ಮಾಡುತ್ತಿದ್ದ ಹೆಂಗಸು! ಪಠ್ಯದಲ್ಲಿ ಓದಿದ್ದೇನೆ – ಬೈಗುಳ, ಅಂಕಿ, ವಾರಗಳ ಹೆಸರು, ಇವು ಮಿದುಳಿನ ಬೇರೊಂದು ದಾರಿಯಿಂದ ಬರುತ್ತವೆ. ಉಳಿದ ಮಾತು ಹೋದರೂ ಉಳಿಯುತ್ತವೆ. ಅಪ್ಪ ಸಂತೋಷದಿಂದ ಬೂಟು ಎತ್ತಿಕೊಂಡು ನಿಂತರು. ಅಕ್ಕ ನೆಲದ ಮೇಲೆ ಕೂತು ನಗತೊಡಗಿದಳು. ನಾನು ಓಡಿಹೋಗಿ, ಅಮ್ಮ, ಇನ್ನೊಮ್ಮೆ ಹೇಳು ಎಂದೆ.

ಅಮ್ಮನ ಬಾಯಿ ಮುಚ್ಚಿತು.

"ಲೇ, ಬೈಗುಳನೂ ಸಿಲಬಸ್ಸಿಗೆ ಸೇರಿಸ್ತೀಯಾ?" ಎಂದಳು ಅಕ್ಕ.

ಅಕ್ಕನಿಗೆ ಎಲ್ಲವೂ ತಮಾಷೆ. ಅಮ್ಮ ಕಲಿಸುತ್ತಿದ್ದ ಅದೇ ಟೈಪಿಂಗಿನ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವಳು. ಚಪ್ಪಲಿ ಅಂಗಡಿಯಲ್ಲಿ ಕೆಲಸ. ದಿನವಿಡೀ ಊರವರ ಪಾದ ಹಿಡಿದು ಕೂತು, ಸಂಜೆ ನಗುತ್ತಲೇ ಬರುತ್ತಾಳೆ. ಅಮ್ಮ ಅವಳನ್ನು ಬಹಳ ಹಿಂದೆಯೇ ಕೈಬಿಟ್ಟಿದ್ದಳು. ನನ್ನನ್ನು ಬಿಡಲಿಲ್ಲ. ನನಗೆ ಹೆಗಲ ಮೇಲೆ ಅಮ್ಮನ ಉಸಿರು ತಗಲದ ಒಂದು ಹೋಂವರ್ಕೂ ನೆನಪಿಲ್ಲ. ತಪ್ಪಿದರೆ ಬೈಯುತ್ತಿರಲಿಲ್ಲ, ಹಾಳೆಯನ್ನು ಹರಿದು ಹೊಸದು ಇಡುತ್ತಿದ್ದಳು.


ಜೂನ್ ೨೩, ಮಧ್ಯಾಹ್ನ

ಮಧ್ಯಾಹ್ನದ ಲೆಕ್ಚರ್ ರದ್ದಾಯಿತು. ಬೇಗ ಬಂದೆ. ಹಿಂದಿನ ಬಾಲ್ಕನಿಯಲ್ಲಿ ಮಾತು ಕೇಳಿಸಿತು. ರೇಡಿಯೊ ಎಂದುಕೊಂಡೆ.

ಅಮ್ಮ.

ಅಕ್ಕನಿಗೆ ವಾರದ ರಜೆ. ಒಗೆದ ಬಟ್ಟೆ ತಂತಿಗೆ ಹಾಕುತ್ತಿದ್ದಳು. ಅಮ್ಮ ಸ್ಟೂಲಿನ ಮೇಲೆ ಕೂತು ಕ್ಲಿಪ್ಪು ಕೊಡುತ್ತಿದ್ದಳು. ಕೊಡುತ್ತ ಕೊಡುತ್ತ... ಮಾತಾಡುತ್ತಿದ್ದಳು. ತಡೆತಡೆದು, ಅರ್ಧ ತಪ್ಪು, ಆದರೆ ಮಾತು.

"ಬಸ್ಸು... ಬಸ್ಸು ಒಣಗಿಲ್ಲ."

"ನಾಳೆ ಒಣಗತ್ತೆ ಬಿಡಮ್ಮ. ಇವತ್ತು ಎಲ್ಲಾ ಬಸ್ಸೂ ದಪ್ಪಂದೇ ಇದೆ."

"ಅಪ್ಪಂದು... ಡಬಲ್ ಬಸ್ಸು."

ಇಬ್ಬರೂ ನಕ್ಕರು. ಅಮ್ಮ ಕ್ಲಿಪ್ಪು ಹಿಡಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಮ್ಮ ಹಾಗೆ ನಗುವುದನ್ನು ಯಾವತ್ತಾದರೂ ನೋಡಿದ್ದೆನೇ? ಮಾತಿದ್ದಾಗ?

ನನ್ನ ಬ್ಯಾಗು ಬಾಗಿಲಿಗೆ ತಾಗಿತು. ಅಮ್ಮ ತಿರುಗಿದಳು. ನೋಡಿದಳು. ನಿಂತುಹೋಯಿತು – ಟೇಪ್ ಕತ್ತರಿಸಿದ ಹಾಗೆ.

ಸಂತೋಷವಾಗಬೇಕಿತ್ತು. ರೋಗಿ ವಾಕ್ಯ ಕಟ್ಟುತ್ತಿದ್ದಾಳೆ, ಹಾಸ್ಯ ಮಾಡುತ್ತಿದ್ದಾಳೆ. ಯಾವ ಚಿಕಿತ್ಸಕಿಯಾದರೂ ಕುಣಿಯಬೇಕು. ನನಗೆ ಆದದ್ದು ಬೇರೆ. ಅದಕ್ಕೆ ನನ್ನ ಬಳಿಯೂ ಪದವಿಲ್ಲ ಎಂದು ಬರೆದರೆ ಸುಳ್ಳು, ಪದವಿದೆ. ಹೊಟ್ಟೆಯುರಿ.

ಅಕ್ಕನನ್ನು ಅಡುಗೆಮನೆಗೆ ಕರೆದು, ಇದು ಯಾವಾಗಿನಿಂದ ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲ ಕಣೇ ಎಂದಳು. ಒತ್ತಾಯಿಸಿದೆ. ಮೇ ತಿಂಗಳಲ್ಲೇ ಒಂದೊಂದು ಪದ ಶುರುವಾಗಿತ್ತಂತೆ. ಅಕ್ಕ ತಲೆಗೆ ಎಣ್ಣೆ ಹಚ್ಚುವಾಗ, ಇಲ್ಲವೇ ಅಂಗಡಿಯ ಗಿರಾಕಿಗಳ ಕಥೆ ಹೇಳುವಾಗ. ನನಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳಂತೆ.

ಮೇ. ಹಾಗಾದರೆ ಜೂನ್ ಏಳರ 'ನೀರು' ನಾನು ತರಿಸಿದ ಪದವಲ್ಲ. ಅಮ್ಮನ ಬಳಿ ಅದು ಆಗಲೇ ಇತ್ತು. ಬಾಯಾರಿ ಕೂತಿದ್ದಳು, ಬಾಯಲ್ಲಿ ಪದವಿತ್ತು, ಅಷ್ಟು ಹೊತ್ತು ನನಗೆ ಕೊಡಲಿಲ್ಲ.


ಜೂನ್ ೨೪

ಅಕ್ಕನಿಗೆ ವಿವರಿಸಿದೆ. ಬಟ್ಟೆಗೆ ಬಸ್ಸು ಎಂದಾಗ ನಗುತ್ತ ಒಪ್ಪಿಕೊಂಡರೆ ಆ ತಪ್ಪೇ ಬೇರೂರುತ್ತದೆ; ಆಮೇಲೆ ಕೀಳುವುದು ಕಷ್ಟ. ಇನ್ನು ಮುಂದೆ ಒಂದೋ ಪ್ರತಿ ಪದವನ್ನೂ ತಿದ್ದಬೇಕು, ಇಲ್ಲವೇ ಆ ಹರಟೆ ನಿಲ್ಲಿಸಬೇಕು.

"ನಿಂಗೆ ಗೊತ್ತಿರತ್ತೆ ಬಿಡು," ಎಂದಳು ಅಕ್ಕ. ಮುಖ ಸಣ್ಣದಾಯಿತು. ವಾದ ಮಾಡಲಿಲ್ಲ. ಓದಿದವರೊಂದಿಗೆ ವಾದ ಮಾಡಬಾರದು ಎಂಬುದನ್ನು ಈ ಮನೆಯೇ ಅವಳಿಗೆ ಕಲಿಸಿದೆ.

ಪುಸ್ತಕದಲ್ಲಿ ನಿಖರವಾಗಿ ಹಾಗೆ ಇಲ್ಲ. ಹಾಗೆ ಅರ್ಥ ಮಾಡಿಕೊಳ್ಳಬಹುದಾದ ಒಂದು ವಾಕ್ಯವಿದೆ. ಬೇರೆ ಥರ ಅರ್ಥವಾಗುವ ಒಂದು ಇಡೀ ಅಧ್ಯಾಯವೂ ಇದೆ.


ಜುಲೈ ೬

ಬರೆಯಲು ಏನೂ ಇರಲಿಲ್ಲ. ಮನೆ ಮೌನವಾಗಿದೆ.

ಅಕ್ಕ ಹೇಳಿದಂತೆಯೇ ಮಾಡಿದಳು. ಅಮ್ಮ ಬಾಯಿ ತೆರೆದಾಗೆಲ್ಲ "ಅಲ್ಲಮ್ಮ, ಹಾಗಲ್ಲ..." ಎಂದು ಶುರುಮಾಡುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡು. ನಾಲ್ಕಾರು ಸಲ ಆದ ಮೇಲೆ ಅಮ್ಮ ಅವಳೊಂದಿಗೂ ನಿಲ್ಲಿಸಿದಳು. ಈಗ ಇಬ್ಬರೂ ಬಾಲ್ಕನಿಯಲ್ಲಿ ಸುಮ್ಮನೆ ಬಟ್ಟೆ ಹಾಕುತ್ತಾರೆ. ನಿನ್ನೆ ನೆರೆಮನೆಯವರು ಬಂದು, ಹೇಗಿದ್ದೀರಿ ಎಂದು ಕೇಳಿದರು. "ಮಾರ್ಜಿನ್ ಬಿಡು."

ಅಪ್ಪ ಇವತ್ತು ಪಾಳಿ ಮುಗಿಸಿ ಬಂದು, ಜಾಕೆಟ್ಟನ್ನೂ ತೆಗೆಯದೆ ನನ್ನ ಮೇಜಿನ ಪಕ್ಕ ನಿಂತರು. ಆ ಜಾಕೆಟ್ಟಿನಿಂದ ಐಸಿನ ವಾಸನೆ. ಕೊನೆಗೆ,

"ಅವಳು ಮಾತಾಡ್ತಿದ್ಲು, ಪುಟ್ಟ. ನಾನು ಹಾಸಿಗೆ ಮೇಲೆ ಮಲಗಿ ಕೇಳ್ತಿದ್ದೆ."

ಅಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಅಪ್ಪನಿಗೂ ಗೊತ್ತಿತ್ತು. ಅಂದರೆ ಎಲ್ಲರಿಗೂ ಗೊತ್ತಿತ್ತು.

ಸಂಜೆ ಅಕ್ಕನಿಗೆ ಹೇಳಿದೆ: ತಿದ್ದಬೇಡ, ಮೊದಲಿನ ಹಾಗೇ ಮಾತಾಡು. ತಕ್ಷಣ ಬಾಲ್ಕನಿಗೆ ಹೋದಳು. ಅವಳ ಸ್ವರ ಕೇಳಿಸಿತು – ಅಂಗಡಿ, ಗಿರಾಕಿ, ದೊಡ್ಡ ಪಾದ, ಸಣ್ಣ ಶೂ. ತುಂಬಾ ಪ್ರಯತ್ನಪಟ್ಟು ತಮಾಷೆ ಮಾಡುತ್ತಿದ್ದಳು. ಅಮ್ಮನ ಸ್ವರ ಕೇಳಿಸಲಿಲ್ಲ. ಆದೇಶದಿಂದ ನಿಂತದ್ದು ಆದೇಶದಿಂದ ಹೊರಡುವುದಿಲ್ಲ ಎಂದು ನನಗೇಕೆ ಮೊದಲೇ ಹೊಳೆಯಲಿಲ್ಲ?


ಜುಲೈ ೯

ಅಕ್ಕನೊಂದಿಗೆ ಜಗಳ. ಜಗಳ ನನ್ನದು, ಅವಳು ಪಾತ್ರೆ ತೊಳೆಯುತ್ತಿದ್ದಳು.

ನಾನು ಮಾಡಿದ ತಪ್ಪೇನು ಹೇಳು ಎಂದೆ. ಒಂದು ದಿನವೂ ಗದರಿಲ್ಲ. ಸ್ವರ ಏರಿಸಿಲ್ಲ. ತಪ್ಪು ಹೇಳಿದಾಗ 'ಪರವಾಗಿಲ್ಲ' ಎಂದೇ ಹೇಳಿದ್ದೇನೆ, ಪುಸ್ತಕದಲ್ಲಿ ಇರುವ ಹಾಗೆಯೇ.

"ಬಾಯಲ್ಲಿ ನೀನೇನೂ ಹೇಳಲ್ಲ ಕಣೇ. ನಿನ್ನ ಮುಖ ಹೇಳತ್ತೆ. ಅಮ್ಮ ಬಾಯಿ ತೆಗೆಯೋಕೆ ಮುಂಚೆನೇ ಸರಿ ಉತ್ತರ ನಿನ್ನ ಮುಖದ ಮೇಲೆ ಬಂದು ನಿಂತಿರತ್ತೆ. ಅದರ ಎದುರಿಗೆ ಯಾರು ಮಾತಾಡ್ತಾರೆ ಹೇಳು? ನನಗೇ ಆಗಲ್ಲ."

ಸ್ನಾನದ ಕೋಣೆಯ ಕನ್ನಡಿಯ ಮುಂದೆ ನಿಂತೆ. ಹುಬ್ಬು ತುಸು ಮೇಲೆ. ತುಟಿ ಬಿಗಿದು, ಒಂದು ಕಡೆಗೆ. ಕಣ್ಣು ಕಾಯುತ್ತಿದೆ, ಆದರೆ ಕಾಯುವಾಗಲೇ ತೀರ್ಪು ಬರೆದು ಮುಗಿಸಿದೆ. ಈ ಮುಖ ನನಗೆ ಚೆನ್ನಾಗಿ ಗೊತ್ತು. ಬಾಲ್ಯವಿಡೀ ಇದನ್ನೇ ನೋಡಿದ್ದೇನೆ, ಪಾಠ ಒಪ್ಪಿಸುವಾಗ, ಎದುರು ಕುರ್ಚಿಯಲ್ಲಿ. ನನ್ನಲ್ಲಿ ಅದು ಯಾವಾಗ ಮನೆ ಮಾಡಿತೋ ತಿಳಿಯದು.

ಸಡಿಲಿಸಲು ಪ್ರಯತ್ನಿಸಿದೆ. ಹುಬ್ಬು ಇಳಿಸಿದರೆ ತುಟಿ ಬಿಗಿಯುತ್ತದೆ. ನಗು ತಂದುಕೊಂಡರೆ ಇನ್ನೂ ಭಯಂಕರ. ಅಕ್ಕ ಟವೆಲ್ ಕೊಡಲು ಬಂದು ನೋಡಿ, "ಏನೇ ಇದು, ಶೂ ಕಚ್ಚಿದ ಗಿರಾಕಿ ಥರ ನಿಂತಿದೀಯ," ಎಂದಳು.

ನಾನು ಅತ್ತೆ. ಅವಳು ಟವೆಲ್ ಹೆಗಲ ಮೇಲೆ ಹಾಕಿ ಹೋದಳು. ಆ ಕ್ಷಣಕ್ಕೆ ಏನು ಬೇಕೋ ಅಷ್ಟನ್ನೇ ಮಾಡಿದಳು. ಅವಳಿಗೆ ಇದೆಲ್ಲ ಎಲ್ಲಿಂದ ಬರುತ್ತದೆ?


ಜುಲೈ ೧೨

ಮೇಡಂ ಬಳಿ ಹೋಗಿ, ನನ್ನಿಂದ ಆಗುತ್ತಿಲ್ಲ ಎಂದೆ. ಈ ವಾಕ್ಯವನ್ನು ಕಾಲೇಜಿನಲ್ಲಿ ನಾನು ಹೇಳಿದ್ದು ಇದೇ ಮೊದಲು. ಅವರು ಗೆದ್ದವರ ಹಾಗೆ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು.

ಅಮ್ಮನನ್ನು 'ಅಯ್ಯೋ'ಗೆ ವಹಿಸಿದರು. ನಮ್ಮ ಸಹಪಾಠಿ, ಎಲ್ಲದಕ್ಕೂ ಅಯ್ಯೋ ಎನ್ನುವುದರಿಂದ ಆ ಹೆಸರು. ಪ್ರತಿ ಪರೀಕ್ಷೆಯಲ್ಲೂ ಕೂದಲೆಳೆಯಲ್ಲಿ ಪಾಸಾಗುತ್ತಾಳೆ. ಹೆಸರು ಕೇಳಿಯೇ ನಾನು ಬಾಯಿ ತೆರೆದೆ, ಮುಚ್ಚಿದೆ.

ಕಾಲೇಜಿನ ಕ್ಲಿನಿಕ್ಕಿನ ಪಕ್ಕದಲ್ಲಿ ಕತ್ತಲ ಕೋಣೆಯೊಂದಿದೆ. ಅಲ್ಲಿಂದ ಗಾಜಿನ ಮೂಲಕ ಒಳಗಿನವರು ಕಾಣುತ್ತಾರೆ, ಅವರಿಗೆ ನಾವು ಕಾಣುವುದಿಲ್ಲ. ಮಾತು ಸ್ಪೀಕರಿನಲ್ಲಿ ಬರುತ್ತದೆ. ಅಲ್ಲಿ ಕೂತೆ.

ಅಯ್ಯೋ ತಡವಾಗಿ ಬಂದಳು. ಫೈಲು ಬೀಳಿಸಿದಳು. ಮೊದಲ ಚಿತ್ರ ಎತ್ತಿ ಹಿಡಿದಳು – ತಲೆಕೆಳಗಾಗಿ. ಅಮ್ಮ ನೋಡಿದಳು. ಕೈ ತಿರುಗಿಸಿ ತೋರಿಸಿದಳು. ಅಯ್ಯೋಗೆ ಅರ್ಥವಾಗಲಿಲ್ಲ. ಅಮ್ಮನಿಗೆ ತಡೆಯಲಾಗಲಿಲ್ಲ.

"ತಲೆ... ತಲೆ ಕೆಳಗೆ."

"ಅಯ್ಯೋ, ನೋಡೇ ಇಲ್ಲ ಆಂಟಿ! ನಾನೊಬ್ಬಳು..."

"ನೆಟ್ಟಗೆ ಕೂ... ಕೂಡು," ಎಂದಳು ಅಮ್ಮ. ಬೆನ್ನು ನೆಟ್ಟಗೆ ಮಾಡಿ ತೋರಿಸಿದಳು. ಅಯ್ಯೋ ನೆಟ್ಟಗೆ ಕೂತಳು. ಅಮ್ಮನ ಮುಖದಲ್ಲಿ ಹಳೆಯ ಟೀಚರ್ ಬಂದು ಕೂತಳು. ಆಮೇಲೆ ಅರ್ಧ ಗಂಟೆ... ಬಾಚಣಿಗೆಗೆ ಬೀಗ ಎಂದಳು, ಬೀಗಕ್ಕೆ ಬಾಗಿಲು ಎಂದಳು, ಎರಡು ಸಲ ಸರಿಯಾಗಿಯೂ ಹೇಳಿದಳು. ಒಟ್ಟಿನಲ್ಲಿ ಮಾತಾಡಿದಳು.

ನಾನು ಗಾಜಿಗೆ ಅಂಟಿಕೊಂಡು ಕೂತಿದ್ದೆ. ಗಾಜಿನ ಈಚೆ ಇರುವುದರಿಂದಷ್ಟೇ ಅಮ್ಮನ ಮಾತು ನನಗೆ ಸಿಗುತ್ತಿದೆ.

ಹೊರಗೆ ಅಯ್ಯೋಳನ್ನು ಕೇಳಿದೆ: ಬೇಕೆಂದೇ ತಲೆಕೆಳಗೆ ಹಿಡಿದೆಯಾ? ಒಳ್ಳೆಯ ತಂತ್ರ. "ಅಯ್ಯೋ, ಇಲ್ಲಪ್ಪ. ನಿಜವಾಗ್ಲೂ ಉಲ್ಟಾ ಹಿಡಿದಿದ್ದೆ," ಎಂದಳು.

ಆದರೂ ಸೂತ್ರ ಸಿಕ್ಕಿತು. ಅಮ್ಮನಿಗೆ ತನ್ನ ಮುಂದೆ ಯಾರಾದರೂ ತಪ್ಪಬೇಕು.


ಜುಲೈ ೧೪, ಬೆಳಿಗ್ಗೆ

ಸಿದ್ಧತೆ ಮಾಡಿಕೊಂಡೇ ಕೂತೆ. ಅಭ್ಯಾಸ ಎನ್ನಲಿಲ್ಲ, ಸುಮ್ಮನೆ ಚಿತ್ರ ನೋಡೋಣ ಅಮ್ಮ ಎಂದೆ. ಬೀಗದ ಚಿತ್ರ ಎತ್ತಿ, "ಇದು ಕತ್ತರಿ, ಅಲ್ವಾ?" ಎಂದೆ. ಬಾಚಣಿಗೆ ಎತ್ತಿ, "ಇದು... ಲೋಟ." ನಕ್ಕೆ ಕೂಡ.

ಅಮ್ಮ ನನ್ನನ್ನು ನೋಡಿದಳು. ಮುಖದಲ್ಲಿ ಬಣ್ಣ ಏರುತ್ತಾ ಹೋಯಿತು. ಆಮೇಲೆ ಕೈ ಬೀಸಿ ಚಿತ್ರಗಳನ್ನೆಲ್ಲ ನೆಲಕ್ಕೆ ತಳ್ಳಿದಳು.

"ನಾಟಕ," ಎಂದಳು.

ತಡವರಿಕೆ ಇಲ್ಲ. ಉಚ್ಚಾರ ಸ್ಪಷ್ಟ. ಸಂದರ್ಭಕ್ಕೆ ಸರಿಯಾದ ಪದ. ನೀರಿನ ನಂತರ ನನ್ನೊಂದಿಗೆ ಆಡಿದ ಮೊದಲ ಮಾತು. ನನ್ನ ಮುಖ ಅರಳಿತು – ಅರಳಿದ್ದು ನನಗೇ ಗೊತ್ತಾಯಿತು, ತಡೆಯಲು ಆಗಲಿಲ್ಲ. 'ಸರಿ ಅಮ್ಮ!' ಎಂದೇಬಿಟ್ಟೆ.

ಅಮ್ಮ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಅಕ್ಕ ತಪ್ಪಿದರೆ ನಗು ಬರುತ್ತದೆ. ಅಯ್ಯೋ ತಪ್ಪಿದರೆ ಮಾತು ಬರುತ್ತದೆ. ನಾನು ತಪ್ಪಿದರೆ ಅದು ಅಣಕ. ತಪ್ಪಲು ಬಾರದ ಹಾಗೆ ನನ್ನನ್ನು ಬೆಳೆಸಿದವಳಿಗೆ ನನ್ನ ತಪ್ಪು ಸುಳ್ಳೆಂದು ಗೊತ್ತಾಗದೆ ಇರುತ್ತದೆಯೇ?


ಜುಲೈ ೨೨

ಅಕ್ಕನನ್ನು ಅಂಗಡಿಯವರು ಹೊಸ ಶಾಖೆಗೆ ಹಾಕಿದ್ದಾರೆ. ಬೇರೆ ಊರು. ಬಸ್ಸಿನಲ್ಲಿ ಒಂದು ಹಗಲಿನ ದಾರಿ. ತಿಂಗಳ ಕೊನೆಗೆ ಹೋಗಬೇಕು. ಬೇಡವೆಂದರೆ ಕೆಲಸ ಹೋಗುತ್ತದೆ, ಹೋದರೆ ಮೇಲ್ವಿಚಾರಕಿ. ಜೀವನದಲ್ಲಿ ಮೊದಲ ಬಾರಿಗೆ ಅವಳನ್ನು ಯಾರೋ ಮೇಲಕ್ಕೆ ಹತ್ತಿಸುತ್ತಿದ್ದಾರೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋಗು ಎನ್ನಲೂ ಬರಲಿಲ್ಲ.

ಕ್ಲಿನಿಕ್ಕೂ ಈ ತಿಂಗಳಿಗೆ ಮುಗಿಯುತ್ತದೆ, ಮುಂದಿನದು ಚಳಿಗಾಲದಲ್ಲಿ. ಅಪ್ಪನಿಗೆ ಆಗಸ್ಟ್‌ನಿಂದ ದಿನದ ಪಾಳಿ. ಕಾಲೇಜಿಗೆ ಪರೀಕ್ಷೆಯ ಓದಿನ ರಜೆ. ಅಂದರೆ ಹಗಲೆಲ್ಲ ಮನೆಯಲ್ಲಿ ಅಮ್ಮ ಮತ್ತು ನಾನು. ಮಾತು ಮರಳುವುದು ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ. ಬಳಸದ ಮಾತು ಹಿಂದಕ್ಕೆ ಸರಿಯುತ್ತದೆ. ಇದನ್ನು ಮಾತ್ರ ಪುಸ್ತಕದಲ್ಲಿ ಎರಡು ಥರ ಓದಲು ಬರುವುದಿಲ್ಲ.

ನನ್ನೊಂದಿಗೆ ಆಡದಿದ್ದರೆ ಅಮ್ಮ ಯಾರೊಂದಿಗೂ ಆಡಲಾರಳು.


ಜುಲೈ ೨೬, ಸಂಜೆ

ಕಾಲೇಜು ಮುಗಿದರೂ ಮನೆಗೆ ಹೋಗುತ್ತಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾನಿಲ್ಲದಾಗ ಬಾಲ್ಕನಿಯಲ್ಲಿ ಮಾತು ಮತ್ತೆ ಶುರುವಾಗಿದೆ ಎಂದು ಅಪ್ಪ ಹೇಳಿದರು, ತಪ್ಪು ಮಾಡಿದವರ ಹಾಗೆ, ನೆಲ ನೋಡುತ್ತ. ಒಳ್ಳೆಯದಾಯಿತು ಎಂದೆ.

ನಾಲ್ಕು ವರ್ಷ ಓದಿದ್ದಕ್ಕೆ ನಾನು ಅಮ್ಮನಿಗೆ ಮಾಡಬಹುದಾದ ಉಪಕಾರ ಇಷ್ಟು: ತಡವಾಗಿ ಮನೆಗೆ ಹೋಗುವುದು. ನನ್ನ ಬಸ್ಸು ಬಂತು. ಬಿಟ್ಟೆ. ಇನ್ನೊಂದು ಬರುತ್ತದೆ. ಅದನ್ನೂ ಬಿಡುತ್ತೇನೆ.


ಜುಲೈ ೩೧

ಅಕ್ಕ ಹೋದಳು.

ನಾನೇ ಸೂಟ್‌ಕೇಸು ಹಿಡಿದು ಜೊತೆಗೆ ಹೋದೆ. ಬಸ್ಸು ಹತ್ತುವ ಮುಂಚೆ ಅವಳು ನಿಂತಳು.

"ಒಂದು ಮಾತು. ಅಮ್ಮ ದಿನಾ ನಿನ್ನ ವಿಷಯನೇ ಮಾತಾಡೋದು, ಗೊತ್ತಾ?"

ನನಗೆ ನಂಬಿಕೆಯಾಗಲಿಲ್ಲ.

"ನಿನ್ನ ಹೆಸರು ಬರಲ್ಲ ಅವಳಿಗೆ. ನಂದು ಬರತ್ತೆ, ಅಪ್ಪಂದು ಬರತ್ತೆ, ಪಕ್ಕದ ಮನೆ ನಾಯೀದೂ ಬರತ್ತೆ. ನಿಂದೊಂದೇ ಬರಲ್ಲ. 'ಫಸ್ಟು' ಅಂತಾಳೆ. ಫಸ್ಟು ಬಂದ್ಲಾ. ಫಸ್ಟು ಉಂಡ್ಲಾ. ಎಷ್ಟು ಸಲ ಹೇಳಿಕೊಟ್ಟೆ ಕಣೇ. ಬಾಲ್ಕನೀಲಿ ಕೂತು ಅದನ್ನೇ ಹೇಳ್ಕೋತಾಳೆ, ತಪ್ಪಾಗತ್ತೆ, ಅಳ್ತಾಳೆ. ನಿನಗೆ ಹೇಳ್ಬೇಡ ಅಂತ ಬಾಯಿ ಮೇಲೆ ಬೆರಳು ಇಟ್ಟಿದ್ಲು. ಈಗ ಹೇಳಿಬಿಟ್ಟೆ."

ಏಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಅದಕ್ಕೂ ಒಂದು ಚಾರ್ಟ್ ಮಾಡ್ತಿದ್ದೆ."

ಮಾಡುತ್ತಿದ್ದೆ. ಅಲ್ಲಗಳೆಯಲು ಆಗಲಿಲ್ಲ. ಅವಳು ನನ್ನ ಕೆನ್ನೆ ತಟ್ಟಿ ಬಸ್ಸು ಹತ್ತಿದಳು. ಕಿಟಕಿಯಿಂದ ನನ್ನ ಕಾಲಿನ ಕಡೆ ಬೆರಳು ತೋರಿಸಿ, ಆ ಚಪ್ಪಲಿ ಬಿಸಾಕು ಎಂದು ಸನ್ನೆ ಮಾಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನನಗೆ ಯಾರ ಮುಖವೂ ಓದಲು ಬರುವುದಿಲ್ಲ ಎಂದು ಈಗ ಗೊತ್ತಾಗುತ್ತಿದೆ.


ಆಗಸ್ಟ್ ೨

ಏನೂ ಇಲ್ಲ. ನಾನು ಈ ಕೋಣೆಯಲ್ಲಿ, ಅಮ್ಮ ಆ ಕೋಣೆಯಲ್ಲಿ. ಊಟದ ಹೊತ್ತಿಗೆ ಎದುರು ಬದುರು. ತಟ್ಟೆಯ ಕಡೆ ನೋಡುತ್ತ ಉಣ್ಣುತ್ತೇನೆ. ಅಮ್ಮ ಒಮ್ಮೆ ಬಾಯಿ ತೆರೆದಳು, ನಾನು ಅಭ್ಯಾಸಬಲದಿಂದ ತಲೆ ಎತ್ತಿದೆ, ಬಾಯಿ ಮುಚ್ಚಿದಳು.

ಮುಖವನ್ನು ಎಲ್ಲಿಯಾದರೂ ತೆಗೆದಿಟ್ಟು ಬರುವಂತಿದ್ದರೆ.


ಆಗಸ್ಟ್ ೪, ಮಧ್ಯಾಹ್ನ

ಓದಲು ಕೂತಿದ್ದೆ. ತಲೆಗೆ ಹತ್ತುತ್ತಿಲ್ಲ, ಅದಕ್ಕೆ ಇದನ್ನು ತೆಗೆದೆ. ಮೇಜು ಕಿಟಕಿಯ ಕಡೆಗಿದೆ, ಬಾಗಿಲು ಬೆನ್ನಿಗೆ. ಕೆಳಗೆ ಯಾರೋ ಸೈಕಲ್ ಒರೆಸುತ್ತಿದ್ದಾರೆ. ಅಪ್ಪ ಫೋನ್ ಮಾಡಿ ಊಟವಾಯಿತಾ ಎಂದರು. ಆಯಿತು ಎಂದೆ. ಮಾತಾಡಿದಳಾ ಎಂದು ಕೇಳಲಿಲ್ಲ, ಆದರೆ ಫೋನ್ ಇಡಲು ತಡಮಾಡಿದರು.

ಅಮ್ಮ ಬಂದಳು. ಬಾಗಿಲಲ್ಲಿ ನಿಂತಿದ್ದಾಳೆ. ಉಸಿರು ಕೇಳಿಸುತ್ತಿದೆ.

ತಿರುಗುವುದಿಲ್ಲ. ಬರೆಯುತ್ತಲೇ ಇರುತ್ತೇನೆ. ನಾನು ಕೆಲಸದಲ್ಲಿದ್ದೇನೆ, ನೋಡುತ್ತಿಲ್ಲ ಎಂದು ಅವಳಿಗೆ ಅನ್ನಿಸಬೇಕು. ಏನಾದರೂ ಬರೆಯಬೇಕು. ಪೆನ್ನು ನಿಲ್ಲಬಾರದು. ಕಿಟಕಿ. ಸೈಕಲ್. ಪಕ್ಕದ ಮನೆಯ ನಾಯಿ ಮಲಗಿದೆ.

ಒಂದು ಹೆಜ್ಜೆ ಒಳಗೆ ಬಂದಳು. ಏನೋ ಶುರುಮಾಡಿದಳು. ಅಕ್ಕನ ಹೆಸರು ಬಂತು. ತಪ್ಪು. ತಪ್ಪೆಂದು ಅವಳಿಗೂ ತಿಳಿಯಿತು, 'ಚು' ಎಂದಳು. ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ನಾನು ಬರೆಯುತ್ತಿದ್ದೇನೆ. ಮತ್ತೆ ಶುರುಮಾಡಿದಳು. ಮೊದಲ ಅಕ್ಷರ ಸರಿ. ಸರಿ ಎನ್ನಬಾರದು. ಹಲ್ಲು ಕಚ್ಚಿ ಹಿಡಿದಿದ್ದೇನೆ. ಎರಡನೆಯದು ಜಾರಿತು. ಉತ್ತರ ನನ್ನ ಬಾಯಲ್ಲಿದೆ, ಅದು ನನ್ನದೇ ಹೆಸರು, ಹೇಳಿದರೆ ಮುಗಿದೇಹೋಯಿತು, ಹೇಳದಿದ್ದರೆ ಅವಳು ಹೀಗೆಯೇ ನಿಂತು – ಯಾವುದು ಕ್ರೌರ್ಯ, ಯಾವುದು ಕರುಣೆ, ಯಾವ ಪುಟದಲ್ಲಿದೆ?

ಹತ್ತಿರ ಬಂದಳು. ಕುರ್ಚಿಯ ಹಿಂದೆ. ಹೆಗಲ ಮೇಲೆ ಉಸಿರು. ಇದನ್ನು ಓದಬಲ್ಲಳೇ? ಓದಲಿ. ಅಮ್ಮ, ನಾನು ನೋಡುತ್ತಿಲ್ಲ. ನೀನು ಹೇಳು. ಏನು ಬಂದರೂ ಹೇಳು. ನೋಡುತ್ತಿಲ್ಲ.

ಕೈ ಚಾಚಿದಳು. ಹಾಳೆಯ ಮೇಲೆ ಕೈ ಇಟ್ಟಿದ್ದಾಳೆ. ಬೆರಳಿನ ಸುತ್ತ ಬರೆಯುತ್ತಿದ್ದೇನೆ. ಇನ್ನೊಂದು ಕೈ ನನ್ನ ಗದ್ದಕ್ಕೆ ಬಂತು, ಮೇಲಕ್ಕೆ ಎತ್ತುತ್ತಿದ್ದಾಳೆ, ಬೇಡ ಅಮ್ಮ, ನನ್ನ ಮುಖ ಇನ್ನೂ